ಪೈಪಿನ ಮೇಲಿನ ಡೇರೆ ಹೂ

ಬೂತಪ್ಪ ತೀರಿಕೊಂಡದ್ದು ಶಿವರಾತ್ರಿ ಕಳೆದ ನಾಲ್ಕನೇ ದಿನ. ಜೂನ್ ತಿಂಗಳ ಮೊದಲ ವಾರದಲ್ಲಿ ಅವನು ಕೊಪ್ಪದ ಹಿತ್ತಲುಗಳಲ್ಲಿ ಒಂದೊಂದಾಗಿ ಮೊಳೆಯತೊಡಗಿದ.

ಹಾಗೆ ಅನ್ನಿಸಿದ್ದು ಗಂಗಾಧರನೊಬ್ಬನಿಗೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ಓಣಿಯ ಕೊನೆಯ ಮನೆಯ ಹಿಂದೆ ಮೂರು ಡೇರೆ ಗಿಡ, ಪೇಟೆಯವರು ಡೇಲಿಯಾ ಎನ್ನುವುದು, ಮೊಳಕೆ ಒಡೆದು ನಿಂತದ್ದು ಕಂಡಿತು. ಮೊದಲನೆಯದು ಬಚ್ಚಲ ಗೋಡೆಯಿಂದ ಎರಡು ಅಡಿ ದೂರದಲ್ಲಿ, ಎರಡನೆಯದು ಮೂಲೆಯಲ್ಲಿ, ಮೂರನೆಯದು ಕೆಳಗಿನ ತೆಂಗಿನ ಮರದ ಹತ್ತಿರ. ನೋಡಿದವರಿಗೆ ಅದು ಯಾರೋ ಹೂವಿನ ಆಸೆಯ ಹೆಂಗಸು ನೆಟ್ಟದ್ದು. ಗಂಗಾಧರನಿಗೆ ಅದು ಬೂತಪ್ಪನ ಕೈಬರಹ.

ಬೂತಪ್ಪ ಪ್ಲಂಬರ್. ನೀರು ಮನೆಗೆ ಬರುವ ದಾರಿ, ಮನೆಯಿಂದ ಹೋಗುವ ದಾರಿ, ಎರಡೂ ಅವನ ಕೆಲಸ. ಕಕ್ಕಸಿನಿಂದ ಗುಂಡಿಗೆ ಪೈಪು ಹಾಕಿ ಮಣ್ಣು ಮುಚ್ಚುವ ಮೊದಲು, ಪೈಪು ತಿರುಗುವ ಕಡೆ, ಎರಡು ಪೈಪು ಕೂಡುವ ಕಡೆ, ಗುಂಡಿಯ ಮುಚ್ಚಳದ ಪಕ್ಕ ಒಂದೊಂದು ಡೇರೆ ಗಡ್ಡೆ ಹೂಳುತ್ತಿದ್ದ. ಡೇರೆಯ ಬೇರು ಆಳಕ್ಕೆ ಇಳಿಯುವುದಿಲ್ಲ, ಪೈಪಿಗೆ ತೊಂದರೆಯಿಲ್ಲ. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿರುತ್ತದೆ, ಮಳೆ ಬಿದ್ದರೆ ತಾನಾಗಿ ಏಳುತ್ತದೆ. ಹೂ ಬಿಡುವ ಡೇರೆಯನ್ನು ಕಿತ್ತು ಎಸೆಯುವ ಹೆಂಗಸು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲೂಕಿನಲ್ಲೂ ಹುಟ್ಟಿಲ್ಲ ಎಂದು ಅವನು ನಂಬಿದ್ದ. ಎಷ್ಟೋ ವರ್ಷಗಳ ಮೇಲೆ ಪೈಪು ಕಟ್ಟಿಕೊಂಡಿತೆಂದು ಕರೆದರೆ ಸುಮ್ಮನೆ ಹಿತ್ತಲಿಗೆ ಹೋಗಿ, ಗಿಡ ನೋಡಿ, ಅಲ್ಲೇ ಗುದ್ದಲಿ ಹಾಕುತ್ತಿದ್ದ. ಪೈಪು ತಿರುಗುವ ಬೆಂಡು ಸರಿಯಾಗಿ ಗುದ್ದಲಿಯ ಬಾಯಿಗೇ ಸಿಗುತ್ತಿತ್ತು. ಇವನಿಗೆ ನೆಲದ ಒಳಗೂ ಕಾಣುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಅಲ್ಲ ಎನ್ನುತ್ತಿರಲಿಲ್ಲ.

ಗುಟ್ಟನ್ನು ಹೇಳದಿರಲು ಕಾರಣವಿತ್ತು. ಡೇರೆ ದೇವರ ಮನೆಗೆ ಹೋಗುವ ಹೂ.

“ಕಕ್ಕಸಿನ ಪೈಪಿನ ಮೇಲೆ ಬೆಳ್ದಿದ್ದು ಅಂತ ಗೊತ್ತಾದ್ರೆ ದೇವ್ರಿಗೆ ಇಡ್ತಾರಾ ಗಂಗಣ್ಣ? ಗಿಡಾನೂ ಕಿತ್ತು ಬಿಸಾಡ್ತಾರೆ, ನನ್ನನ್ನೂ ಗೇಟಿನ ಆಚೆ ನಿಲ್ಲಿಸ್ತಾರೆ,” ಎಂದಿದ್ದ ಒಮ್ಮೆ. “ನಿಮಗೊಬ್ರಿಗೆ ಹೇಳಿದೀನಿ. ಬಾಯಿ ಬಿಟ್ರೋ, ನಿಮ್ಮನೆ ನಲ್ಲಿ ಸೋರ್ತಾ ಸಾಯ್ಲಿ ಅಂತ ಬಿಟ್ಬಿಡ್ತೀನಿ ನೋಡಿ ಮಾರಾಯ್ರೆ.”

ಗಂಗಾಧರ ಬಾಯಿ ಬಿಡಲಿಲ್ಲ. ಆದರೆ ಈ ಮಾರ್ಚಿನಿಂದ ಅವನ ಅಡುಗೆಮನೆಯ ನಲ್ಲಿ ಸೋರುತ್ತಿದೆ. ಐದು ನಿಮಿಷದ ಕೆಲಸ, ಒಂದು ವಾಷರ್ ಬದಲಿಸಿದರಾಯಿತು. ಯಾರನ್ನೂ ಕರೆದಿಲ್ಲ. ಒಳಗಿರುವ ವಾಷರ್ ಬೂತಪ್ಪ ಹಾಕಿದ್ದು. ನಲ್ಲಿಯ ಕೆಳಗೆ ಒಂದು ಪಾತ್ರೆ ಇಟ್ಟುಕೊಂಡು, ತುಂಬಿದಾಗ ಅದನ್ನು ಅಂಗಳದ ಕುಂಡಗಳಿಗೆ ಸುರಿಯುತ್ತಾನೆ.

ಗಂಗಾಧರ ಕೊಪ್ಪದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದು, ಆರು ವರ್ಷದ ಹಿಂದೆ ನಿವೃತ್ತನಾದವನು. ಮದುವೆಯಾಗಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಗ್ರಂಥಾಲಯದ ಗೋಡೆಯೊಳಗಿನ ಪೈಪು ಸೋರಿ ಕಾದಂಬರಿಗಳ ಕಪಾಟು ಒದ್ದೆಯಾದಾಗ ಯಾರೋ ಬೂತಪ್ಪನನ್ನು ಕಳಿಸಿದ್ದರು. ಬೂತಪ್ಪ ಮುತ್ತಿನಕೊಪ್ಪದ ಕೂಲಿಯವರ ಮನೆಯಲ್ಲಿ ಹುಟ್ಟಿ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಬಾವಿ ತೋಡುವವರ ಜೊತೆ ಮಣ್ಣು ಹೊರುತ್ತಾ ಕೆಲಸ ಕಲಿತವನು. ಬಂದವನೇ ಚೀಲದಿಂದ ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ನಿಂತ.

“ಸಾರ್, ಒಂಚೂರು ಸುಮ್ನಿರಿ.”

“ನಾನು ಮಾತಾಡ್ಲೇ ಇಲ್ವಲ್ಲ.”

“ಉಸಿರಾಡ್ತಿದೀರಲ, ಜೋರು.”

ನಾಲ್ಕು ಕಡೆ ಕೇಳಿ, ಐದನೆಯ ಕಡೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ. ಒಂದೇ ಒಂದು ಇಟ್ಟಿಗೆ ತೆಗೆದ. ಸೋರಿಕೆ ಅಲ್ಲೇ ಇತ್ತು. ಕೆಲಸ ಮುಗಿಸಿ, ಒದ್ದೆ ಪುಸ್ತಕಗಳನ್ನು ಜಗಲಿಯಲ್ಲಿ ಹರವಲು ತಾನೂ ಕೈ ಹಾಕಿದವನು ಕೇಳಿದ: “ಇದ್ರಲ್ಲಿ ಎಂತ ಇದೆ ಸಾರ್?”

“ಕತೆ.”

“ಎಂತ ಕತೆ?”

ಗಂಗಾಧರ ಕೈಯಲ್ಲಿದ್ದ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಿದ. ಓದಿ ಮುಚ್ಚಿದ.

ಬೂತಪ್ಪ ಕೈಯಲ್ಲಿ ಒದ್ದೆ ಪುಸ್ತಕ ಹಿಡಿದುಕೊಂಡೇ, “ಮುಂದೆ?” ಎಂದ.

ಆ ‘ಮುಂದೆ’ ಇಪ್ಪತ್ತೊಂದು ವರ್ಷ ನಡೆಯಿತು. ಭಾನುವಾರ ಬಂದರೆ ಗಂಗಾಧರ ಅವನ ಜೊತೆ ಕೆಲಸದ ಮನೆಗೇ ಹೋಗುತ್ತಿದ್ದ. ಬೂತಪ್ಪ ಗುಂಡಿಯೊಳಗೆ, ಇವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಪುಸ್ತಕ ಹಿಡಿದುಕೊಂಡು. “ಜೋರಾಗಿ ಓದಿ, ಇಲ್ಲಿಗೆ ಕೇಳಲ್ಲ,” ಎಂದು ನೆಲದೊಳಗಿನಿಂದ ಕೂಗು ಬರುತ್ತಿತ್ತು. ಮನೆಯವರು ನಗುತ್ತಿದ್ದರು. ಕೆಲಸ ಮುಗಿಯುವಾಗ ಓದಿ ನಿಲ್ಲಿಸಿದ ಪುಟಕ್ಕೆ ಬೂತಪ್ಪನೇ ಗುರುತು ಇಡುತ್ತಿದ್ದ. ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಗೇಣುದ್ದ ಹರಿದು ಪುಟದ ನಡುವೆ ಇಟ್ಟು, ಇನ್ನು ಸೋರುವುದಿಲ್ಲ ಎನ್ನುತ್ತಿದ್ದ.

ನೆಮ್ಮಾರಿನಲ್ಲಿ ಒಂದು ಮನೆಗೆ ಗುಡ್ಡದ ಒರತೆಯಿಂದ ಅರ್ಧ ಮೈಲಿ ಕಪ್ಪು ಪೈಪಿನಲ್ಲಿ ನೀರು ಬರುತ್ತಿತ್ತು. ಒಂದು ದಿನ ನಿಂತುಹೋಯಿತು. ಒರತೆಯೇ ಬತ್ತಿತು ಎಂದು ಮನೆಯವರು ಬೋರ್‌ವೆಲ್ ಮಾತಾಡತೊಡಗಿದ್ದರು. ಬೂತಪ್ಪ ಪೈಪಿಗೆ ಕಿವಿ ಕೊಡುತ್ತ, ಹತ್ತು ಹೆಜ್ಜೆಗೊಮ್ಮೆ ಬಗ್ಗುತ್ತ ಗುಡ್ಡ ಹತ್ತಿದ. ಹಿಂದಿನಿಂದ ಗಂಗಾಧರ ಏದುಸಿರು ಬಿಡುತ್ತ ಬರುತ್ತಿದ್ದ. ಒಂದು ಬೆಂಡಿನ ಹತ್ತಿರ ನಿಂತು, ಬಿಚ್ಚಿ, ಕುಟ್ಟಿದ. ಒಳಗಿನಿಂದ ಅಂಗೈಯಗಲದ ಏಡಿ ಜಾರಿ ಹೊರಗೆ ಬಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ, “ಮರಿ ಇದ್ದಾಗ ಒಳಗೆ ಹೋಗಿದಾನೆ, ದಪ್ಪ ಆಗಿ ಸಿಕ್ಕಾಕ್ಕೊಂಡಿದಾನೆ. ಗಂಗಣ್ಣ, ಲೈಬ್ರರಿ ಒಳಗೆ ನೀವಿದ್ದ ಹಾಗೆ,” ಎಂದು ಹಳ್ಳಕ್ಕೆ ಬಿಟ್ಟ.

ಅಂಥ ಮಾತಾಡುವವರು ಈಗ ಯಾರೂ ಇಲ್ಲ. ಎದೆ ಉರಿಯೆಂದು ಜೀರಿಗೆ ಕಷಾಯ ಕುಡಿದು ಮಧ್ಯಾಹ್ನ ಅಡ್ಡಾದವನು ಏಳಲಿಲ್ಲ. ಐವತ್ತನಾಲ್ಕು ವರ್ಷ. ಅವರು ಓದುತ್ತಿದ್ದ ದಪ್ಪ ಕಾದಂಬರಿ ನೂರ ಎಂಬತ್ತಾರನೇ ಪುಟದಲ್ಲಿ ಬಿಳಿ ಟೇಪಿನೊಂದಿಗೆ ಮುಚ್ಚಿದೆ. ಗಂಗಾಧರ ಅದನ್ನು ಕೈಚೀಲದಿಂದ ತೆಗೆದಿಲ್ಲ, ತೆರೆದೂ ಇಲ್ಲ. ಮುಂದಿನ ಪುಟದಲ್ಲಿ ಏನಿದೆ ಎಂದು ತನಗೊಬ್ಬನಿಗೆ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

ಜುಲೈ ಎರಡನೇ ವಾರದಲ್ಲಿ ಒಂದು ಸಂಜೆ ಭಾಗ್ಯ ಬಂದಳು. ಬೂತಪ್ಪನ ಹೆಂಡತಿ. ಕಾಫಿ ತೋಟದ ಕೂಲಿ ಮುಗಿಸಿ ನೇರ ಬಂದಿದ್ದಳು, ಕಾಲಲ್ಲಿ ಕೆಸರಿತ್ತು. ಒಳಗೆ ಬಾ ಎಂದರೂ ಮೆಟ್ಟಿಲ ಮೇಲೇ ಕೂತಳು.

“ಅಣ್ಣ, ಒಂದು ಕೇಳ್ತೀನಿ. ಸುಳ್ಳು ಹೇಳ್ಬಾರ್ದು.”

“ಎಂತ ಆಯ್ತು ಭಾಗ್ಯ?”

“ಕಮ್ಮರಡಿ ಶೇಷಮ್ಮೋರ ಮನೆ ಗುಂಡಿ ಇವ್ರೇ ಅಲ್ದಾ ಮಾಡಿದ್ದು? ಆ ಬಾವಿ ನೀರು ಕೆಟ್ಟೋಗಿದ್ಯಂತೆ. ಕಕ್ಕಸಿನ ವಾಸ್ನೆ ಅಂತೆ. ಮನೆಯೋರಿಗೆಲ್ಲ ವಾಂತಿ ಭೇದಿ. ಬೂತಪ್ಪ ಬಾವಿ ಬುಡದಲ್ಲೇ ಗುಂಡಿ ತೋಡಿ ಹೋದ ಅಂತ ಬಸ್ ಸ್ಟ್ಯಾಂಡಲ್ಲೆಲ್ಲ ಮಾತು.” ಕಾಲಿನ ಕೆಸರನ್ನು ಮೆಟ್ಟಿಲಂಚಿಗೆ ಒರೆಸಿದಳು. “ಇವತ್ತು ತೋಟದ ಜೀಪಲ್ಲಿ ಒಬ್ಳು ನನ್ ಮುಖಕ್ಕೇ ಹೇಳಿದ್ಳು. ಪುಣ್ಯಾತ್ಮ, ಸತ್ತು ಬಚಾವಾದ, ಇಲ್ಲಾಂದ್ರೆ ಆ ನೀರು ಅವನಿಗೇ ಕುಡಿಸ್ತಿದ್ರು ಅಂತ.”

ಗಂಗಾಧರ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ.

“ನೀವು ಜೊತೇಲೇ ಇರ್ತಿದ್ರಲ್ಲ. ಹತ್ರ ತೋಡಿದ್ರಾ? ಹೌದು ಅಂದ್ರೆ ಹೌದು ಅನ್ನಿ. ನಾನು ಹೋಗಿ ಅವರ ಕಾಲು ಹಿಡೀತೀನಿ. ಅಲ್ಲ ಅಂದ್ರೆ ನಾಳೆ ಜೀಪಲ್ಲಿ ಅವಳ ಪಕ್ಕಾನೇ ಕೂರ್ತೀನಿ. ಗೊತ್ತಿಲ್ದೆ ಮಾತ್ರ ಇರಕ್ಕಾಗಲ್ಲ ಅಣ್ಣ.”

ಗಂಗಾಧರ ಒಂಬತ್ತು ವರ್ಷದ ಹಿಂದಿನ ಆ ಭಾನುವಾರವನ್ನು ನೆನಪಿಸಿಕೊಳ್ಳಲು ನೋಡಿದ. ಕಮ್ಮರಡಿಯಲ್ಲಿ ಅಂದು ಏನು ಓದಿದ್ದೆ ಎಂಬುದು ನೆನಪಿತ್ತು. ಒಬ್ಬ ಮುದುಕ ನದಿ ದಾಟುವ ಭಾಗ. ಓದುವಾಗ ಬೂತಪ್ಪ ಮೂರು ಸಲ ‘ಅಯ್ಯಯ್ಯೋ’ ಅಂದದ್ದು ನೆನಪಿತ್ತು. ಗುಂಡಿ ಎಲ್ಲಿತ್ತು, ಪೈಪು ಎಲ್ಲಿ ತಿರುಗಿತ್ತು, ಒಂದೂ ನೆನಪಿರಲಿಲ್ಲ. ದಿನವಿಡೀ ಅಲ್ಲೇ ಕೂತಿದ್ದವನು ಪುಸ್ತಕದಿಂದ ತಲೆ ಎತ್ತಿರಲಿಲ್ಲ.

“ಗೊತ್ತಿಲ್ಲ ಭಾಗ್ಯ,” ಎಂದ. “ನಾಳೆ ಹೋಗಿ ನೋಡೋಣ.”

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಕಮ್ಮರಡಿಗೆ ಹೋದರು. ರಸ್ತೆಯ ಬದಿಗೇ ಶೇಷಮ್ಮನವರ ಮನೆ. ಎಪ್ಪತ್ತು ದಾಟಿದ ಹೆಂಗಸು, ಗದ್ದೆ ತೋಟ ಇರುವ ಕುಟುಂಬ. ಭಾಗ್ಯಳನ್ನು ಕಂಡು ಅವರ ಮುಖ ಸಣ್ಣದಾಯಿತು.

“ಇವಳನ್ನ ಎಂತಕ್ಕೆ ಕರ್ಕೊಂಡು ಬಂದ್ಯೋ ಗಂಗಾಧರ? ಸತ್ತವರ ಮೇಲೆ ಮಾತಾಡೋಳಲ್ಲ ಮಾರಾಯ್ತಿ ನಾನು. ನಮ್ಮನೆ ಹೂವಿನ ಗಿಡಕ್ಕೆ ನೀರು ಹಾಕಿ ಹೋಗ್ತಿದ್ದ ಪ್ರಾಣಿ ಅದು. ಆದ್ರೆ ನೋಡು, ನೀನೇ ನೋಡು.” ಬಾವಿಯಿಂದ ಸೇದಿದ ಕೊಡವನ್ನು ಭಾಗ್ಯಳ ಮುಂದೆ ಇಟ್ಟರು.

ಭಾಗ್ಯ ಬಗ್ಗಿ ಮೂಸಿದಳು. ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅಳು ಬಂದದ್ದಕ್ಕೋ, ವಾಸನೆಗೋ ಗಂಗಾಧರನಿಗೆ ತಿಳಿಯಲಿಲ್ಲ.

ಹೊಸ ಪ್ಲಂಬರ್ ಧರ್ಮೇಶ್ ಆಗಲೇ ಬಂದಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ಬೈಕಿನ ತುಂಬ ಸಾಮಾನು. “ಹಳೇ ಗುಂಡಿ ಮುಚ್ಚಿ ಹೊಸದು ತೋಡ್ಬೇಕು, ಬೇರೆ ದಾರಿ ಇಲ್ಲ. ಬಾವಿಗೆ ಐವತ್ತು ಅಡಿ ಬಿಡ್ಬೇಕಿತ್ತು,” ಎಂದ.

“ಈಗ ಎಷ್ಟಿದೆ?”

“ಅಳತೆ ಎಂತಕ್ಕೆ, ವಾಸ್ನೇನೇ ಹೇಳ್ತಿದ್ಯಲ ಸಾರ್.”

ಗಂಗಾಧರ ಅವನ ಅಳತೆ ಟೇಪನ್ನೇ ಕೇಳಿ ತೆಗೆದುಕೊಂಡ. ಒಂದು ತುದಿ ಭಾಗ್ಯ ಹಿಡಿದಳು. ಬಾವಿಕಟ್ಟೆಯಿಂದ ಕೆಳಗಿನ ಗುಂಡಿಯ ಮುಚ್ಚಳದವರೆಗೆ ಐವತ್ತೇಳು ಅಡಿ. ಗುಂಡಿ ಬಾವಿಗಿಂತ ಇಳಿಜಾರಿನಲ್ಲೇ ಇತ್ತು. ಭಾಗ್ಯ ತನ್ನ ತುದಿಯನ್ನು ಬಿಡದೆ ಆ ಅಂಕಿಯನ್ನು ಎರಡು ಸಲ ಗಟ್ಟಿಯಾಗಿ ಹೇಳಿದಳು.

“ಐವತ್ತೇಳಾದ್ರೆ ಎಂತ ಆಯ್ತು?” ಧರ್ಮೇಶ್ ಸೋಲಲಿಲ್ಲ. “ಇದು ಜಂಬಿಟ್ಟಿಗೆ ನೆಲ. ಜರಡಿ ಇದ್ದ ಹಾಗೆ. ನೂರು ಅಡಿ ಆಚೆಯಿಂದ್ಲೂ ಬರ್ಬೋದು.”

ಅದು ಸುಳ್ಳಾಗಿರಲಿಲ್ಲ. ಆಗ ಗಂಗಾಧರನಿಗೆ ಬೂತಪ್ಪನ ಒಂದು ಪರೀಕ್ಷೆ ನೆನಪಾಯಿತು. ಇಂಥ ಕಡೆ ಅವನು ಬಟ್ಟೆಗೆ ಹಾಕುವ ನೀಲಿಯನ್ನು ಕಕ್ಕಸಿಗೆ ಸುರಿಸುತ್ತಿದ್ದ. ದೂರದ ಗುಂಡಿಯಿಂದ ಮಣ್ಣಿನಲ್ಲಿ ಇಂಗಿ ಬರುವ ನೀರಾದರೆ ಬಣ್ಣ ದಾರಿಯಲ್ಲೇ ಉಳಿಯುತ್ತದೆ, ಬಾವಿಗೆ ಕಾಣುವುದೇ ಇಲ್ಲ. ಬೇಗ ಕಂಡಿತೆಂದರೆ ಬಾವಿಯ ಹತ್ತಿರವೇ ಪೈಪು ಒಡೆದಿದೆ.

ಶೇಷಮ್ಮನವರ ಸೊಸೆ ನಯನ ಒಂದು ಬಾಟಲಿ ನೀಲಿಯನ್ನು ಪೂರ್ತಿ ಸುರಿದು, ಆರು ಬಕೆಟ್ ನೀರು ಹೊಯ್ದಳು. ಎಲ್ಲರೂ ಬಾವಿಕಟ್ಟೆಗೆ ಬಂದು ನಿಂತರು. ಶೇಷಮ್ಮ ಕಾಫಿ ತರಿಸಿದರು, ಪಕ್ಕದ ಮನೆಯ ನೀರಿನಲ್ಲಿ ಮಾಡಿದ್ದು. ಕುಡಿದಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಭಾಗ್ಯ ಕಲ್ಲಿನ ಅಂಚು ಹಿಡಿದು ಒಳಗೇ ನೋಡುತ್ತಿದ್ದಳು. ನೀರಿನಲ್ಲಿ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ. ಗಂಗಾಧರ ಮತ್ತೆ ಗಡಿಯಾರ ನೋಡಿಕೊಂಡ. ಬಣ್ಣ ಬಾರದೇ ಹೋದರೆ? ತನ್ನ ಗೆಳೆಯನ ಪರೀಕ್ಷೆಯಿಂದಲೇ ಗೆಳೆಯನ ತಪ್ಪನ್ನು ಅವನ ಹೆಂಡತಿಗೆ ತೋರಿಸಿದಂತಾಗುತ್ತಿತ್ತು.

ಅರ್ಧ ಗಂಟೆ ಕಳೆದ ಮೇಲೆ ನಯನ ಮೊಬೈಲಿನ ಬೆಳಕು ಬಿಟ್ಟು, “ಅತ್ತೆ, ಇಲ್ಲಿ ನೋಡಿ,” ಎಂದಳು.

ಬಚ್ಚಲ ಕಡೆಯ ಕಲ್ಲಿನ ಸಂದಿನಿಂದ ದಾರದಷ್ಟು ಸಣ್ಣ ನೀಲಿ ಗೆರೆ ಇಳಿಯುತ್ತಿತ್ತು.

ಧರ್ಮೇಶ್ ಬಗ್ಗಿ ನೋಡಿದ. ತುಸು ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಭಾಗ್ಯಳ ಕಡೆ ತಿರುಗಿ, “ಗುಂಡಿ ಅಲ್ಲಕ್ಕ. ಪೈಪೇ ಒಡ್ದಿದೆ, ಇಲ್ಲೇ ಎಲ್ಲೋ. ನಾನು ನೋಡ್ದೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ,” ಎಂದ. ಅಷ್ಟು ಹೇಳಲು ಎಲ್ಲರಿಗೂ ಆಗುವುದಿಲ್ಲ. “ಆದ್ರೆ ಪೈಪು ಎಲ್ಲಿ ಹೋಗಿದೆ? ಹಿತ್ತಲೆಲ್ಲ ಅಗೆಯಕ್ಕಾಗಲ್ಲ.”

ಯಾರಿಗೂ ಗೊತ್ತಿರಲಿಲ್ಲ. ಗಂಗಾಧರ ಮಾತ್ರ ಡೇರೆ ಹುಡುಕತೊಡಗಿದ. ಬಚ್ಚಲ ಗೋಡೆಯ ಹತ್ತಿರ ಒಂದು ಹಳದಿ. ಕೆಳಗೆ ಗುಂಡಿಯ ಪಕ್ಕ ಒಂದು ಬಿಳಿ. ನಡುವೆ, ಪೈಪು ಬಾವಿಯನ್ನು ಬಳಸಿ ತಿರುಗಲೇಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಅಲ್ಲಿ ಬಟ್ಟೆ ಒಣಗಿಸುವ ತಂತಿಗೆ ಹೊಸದೊಂದು ಕಬ್ಬಿಣದ ಕಂಬ ನೆಟ್ಟಿತ್ತು.

ಅವನು ಮನೆಯ ಮುಂದಕ್ಕೆ ಬಂದ. ಮೆಟ್ಟಿಲ ಪಕ್ಕ ಕಡುಗೆಂಪು ಡೇರೆ, ತಟ್ಟೆಯಗಲದ ಹೂ ಹೊತ್ತು ನಿಂತಿತ್ತು. ಅದೇ ಬಣ್ಣದ ಗಿಡ ಕೊಪ್ಪದಲ್ಲಿ ಅವನದೇ ಅಂಗಳದ ಕುಂಡದಲ್ಲಿದೆ. ನಾಲ್ಕು ತಿಂಗಳಿಂದ ಸೋರುವ ನಲ್ಲಿಯ ನೀರು ಕುಡಿಯುತ್ತಿರುವ ಗಿಡ.

“ಶೇಷಮ್ಮ, ಈ ಕೆಂಪಿಂದು ಮೊದ್ಲು ಎಲ್ಲಿತ್ತು?”

“ಈಗ ಡೇರೆ ವಿಷಯ ಎಂತಕ್ಕೋ ನಿಂಗೆ? ಅಲ್ಲೇ, ಬಾವಿ ಹಿಂದೆ. ಇಷ್ಟು ಚಂದದ ಹೂ ಹಿತ್ತಲಲ್ಲಿ ಬಿಟ್ರೆ ಯಾರಿಗೆ ಕಾಣ್ಬೇಕು? ಹೋದ್ ವರ್ಷದ ಆಚೆ ವರ್ಷ ಗಡ್ಡೆ ಕಿತ್ತು ಇಲ್ಲಿಗೆ ಹಾಕ್ದೆ. ಮದುವೆ ಮನೇಲಿ ಸಿಕ್ಕಿದಾಗ ನಿಂಗೂ ಒಂದು ಕೊಟ್ನಲ್ಲ, ಮರ್ತ್ಯಾ?”

ಮರೆತಿರಲಿಲ್ಲ. ಕಾಗದದಲ್ಲಿ ಸುತ್ತಿದ ಗಡ್ಡೆಯನ್ನು ಸಂತೋಷದಿಂದ ಚೀಲಕ್ಕೆ ಹಾಕಿಕೊಂಡಿದ್ದ. ಶೇಷಮ್ಮನಿಗೆ ತಿಳಿಯದು, ಯಾರಿಗೂ ತಿಳಿಯದು. ಬೂತಪ್ಪ ಕೆಲಸ ಮಾಡಿದ ಮನೆಯ ಡೇರೆ ಜಾಗ ಬಿಟ್ಟು ಬಂದಿದೆ ಎಂದರೆ ಅದರ ಅರ್ಥವೇನೆಂದು ತಿಳಿಯಬೇಕಾದ ಒಬ್ಬನೇ ಒಬ್ಬ ಮನುಷ್ಯ ಅದನ್ನು ಕೈಚಾಚಿ ತೆಗೆದುಕೊಂಡು ಮನೆಗೆ ಹೋಗಿದ್ದ.

ಈಗ ಹೇಳಬೇಕು. ಹೇಳಿದರೆ ಪೈಪು ಸಿಗುತ್ತದೆ. ಆದರೆ ಗುಟ್ಟು ಹೊರಗೆ ಬೀಳುತ್ತದೆ. ಮೂರು ತಾಲೂಕಿನ ಹಿತ್ತಲುಗಳಲ್ಲಿ ಎಷ್ಟು ಹೆಂಗಸರು ಆ ಹೂವನ್ನು ದೇವರಿಗೆ ಇಟ್ಟಿದ್ದಾರೋ, ಅವರೆಲ್ಲರ ಬಾಯಿಗೆ ಬೂತಪ್ಪನ ಹೆಸರು. ಸುಮ್ಮನೆ ಕಂಬದ ಬುಡ ಅಗೆಯಿರಿ ಎಂದು ಹೇಳಿ ಬಿಡಬಹುದಿತ್ತು. ಆಗ ಕಂಬ ನೆಟ್ಟದ್ದು ಈ ಮನೆಯವರ ತಪ್ಪಾಗಿ ಉಳಿಯುತ್ತಿತ್ತು, ಬೂತಪ್ಪ ಗುರುತೂ ಇಡದೆ ಹೋದವನಾಗಿ ಉಳಿಯುತ್ತಿದ್ದ. ಭಾಗ್ಯ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಹೇಳಿದ. ಎಲ್ಲವನ್ನೂ.

ಶೇಷಮ್ಮ ಜಗಲಿಯ ಮೇಲೆ ಕೂತೇಬಿಟ್ಟರು. “ಅಯ್ಯೋ ದೇವ್ರೆ! ಆರೇಳು ವರ್ಷ ಆ ಹೂವನ್ನ ದೇವರ ತಲೆ ಮೇಲೆ ಇಟ್ಟಿದೀನಲ್ಲೋ! ಗೌರಿ ಹಬ್ಬಕ್ಕೆ ಅದೇ! ಆ ಬೂತಪ್ಪ ನಿಂತು ನೋಡಿ, ಒಳ್ಳೆ ಹೂ ಬಿಟ್ಟಿದೆ ಅಮ್ಮ ಅಂತಿದ್ನಲ್ಲೋ, ಕಳ್ಳ!”

“ಅತ್ತೆ,” ಎಂದಳು ನಯನ. “ನಿಮ್ಮ ಸೇವಂತಿಗೆ ಎಂತ ಗೊಬ್ಬರ ಹಾಕ್ತೀರಿ?”

“ಸಗಣಿ. ಎಂತಕ್ಕೆ?”

“ಎಂತಕ್ಕೂ ಇಲ್ಲ.”

“ಅದು ದನದ್ದು ಮಾರಾಯ್ತಿ!” ಎಂದು ಕೂಗಿದ ಶೇಷಮ್ಮನವರಿಗೆ ಆ ಕೂಗಿನ ನಡುವೆಯೇ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಧರ್ಮೇಶ್ ಕೂಡ ಮುಖ ತಿರುಗಿಸಿಕೊಂಡ. ಭಾಗ್ಯ ನಗಲಿಲ್ಲ. ಅವಳು ಕಂಬದ ಹತ್ತಿರ ಹೋಗಿ, ಅದರ ಬುಡದ ಮಣ್ಣನ್ನು ಕಾಲಲ್ಲಿ ಮುಟ್ಟುತ್ತ ನಿಂತಿದ್ದಳು.

ಶೇಷಮ್ಮನವರ ಮಗ ವಿಜಯ್ ತೋಟದಿಂದ ಬಂದ ಮೇಲೆ ಕಂಬ ಕಿತ್ತರು. ಎರಡೂವರೆ ಅಡಿ ಕೆಳಗೆ ಪೈಪಿನ ಬೆಂಡು. ಸುತ್ತ ಬೂತಪ್ಪ ಮೆತ್ತಿದ ಜೇಡಿಮಣ್ಣು ಬೆಣ್ಣೆಯಂತೆ ಹಾಗೇ ಇತ್ತು. ಅದರ ನಡುವೆ ಹಾರೆ ಹೋದ ತೂತು, ಬೆಂಡಿನ ಮೇಲೆ ಉದ್ದನೆಯ ಬಿರುಕು. ಬಾವಿ ಅಲ್ಲಿಂದ ಹದಿನೈದು ಅಡಿಯೂ ಇರಲಿಲ್ಲ. ಕಕ್ಕಸು ಬಾವಿಯ ಕಡೆಗೇ ಇದ್ದುದರಿಂದ ಬೇರೆ ದಾರಿ ಇಲ್ಲದೆ ಬೂತಪ್ಪ ಪೈಪನ್ನು ಅಲ್ಲಿ ತಿರುಗಿಸಿದ್ದ. ಹಿತ್ತಲಿನಲ್ಲಿ ಯಾರೂ ಅಗೆಯಬಾರದ ಒಂದೇ ಜಾಗ ಅದು. ಎಲ್ಲಕ್ಕಿಂತ ಚಂದದ ಹೂವನ್ನು ಅಲ್ಲಿ ನೆಟ್ಟಿದ್ದ.

“ಏಪ್ರಿಲ್‌ನಲ್ಲಿ ನಾನೇ ಹಾರೆ ಹಾಕಿದ್ದು,” ಎಂದ ವಿಜಯ್. “ಟಕ್ ಅಂತು. ಕಲ್ಲು ಅಂದ್ಕೊಂಡೆ.”

ಧರ್ಮೇಶ್ ಹೊಸ ಬೆಂಡು ಕೂರಿಸುತ್ತೇನೆ, ಬಾವಿಯ ನೀರನ್ನೆಲ್ಲ ಎರಡು ಸಲ ಪಂಪಿನಲ್ಲಿ ಹೊರಗೆ ಹಾಕಿ ಬ್ಲೀಚಿಂಗ್ ಪುಡಿ ಹಾಕೋಣ, ನೀರು ಪರೀಕ್ಷೆಗೆ ಕೊಟ್ಟು ಸರಿ ಬರುವವರೆಗೆ ಕುಡಿಯಬೇಡಿ ಎಂದ. ಶೇಷಮ್ಮ ಗೇಟಿನವರೆಗೆ ಬಂದು ಭಾಗ್ಯಳ ಕೈ ಹಿಡಿದರು. “ಬಸ್ ಸ್ಟ್ಯಾಂಡಲ್ಲಿ ಯಾರ್ಯಾರು ಮಾತಾಡಿದ್ರೋ ಅವ್ರಿಗೆಲ್ಲ ನಾನೇ ಹೇಳ್ತೀನಿ. ಐವತ್ತೇಳು ಅಡಿ ಅಂತ ಹೇಳ್ತೀನಿ. ಹೂವಿನ ವಿಷಯ ಮಾತ್ರ ನಮ್ಮೊಳಗೇ ಇರ್ಲಿ. ಊರಿನ ಡೇರೆ ಎಲ್ಲ ಕಿತ್ತು ಹಾಕಿಬಿಟ್ಟಾರು.”

ಬಸ್ಸು ಕಾಯುವಾಗ ಗಂಗಾಧರ ಭಾಗ್ಯಳ ಪಕ್ಕ ಕೂತು, “ತಪ್ಪು ನಂದು,” ಎಂದ. “ಆ ಗಡ್ಡೆ ನನ್ನ ಕೈಗೆ ಬಂದಾಗ ಎಲ್ಲಿಂದ ಕಿತ್ತಿದ್ದು ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು.”

ಭಾಗ್ಯ ರಸ್ತೆಯನ್ನೇ ನೋಡುತ್ತಿದ್ದಳು. “ಹೋದ್ ದೀಪಾವಳಿ ಆದ್ಮೇಲೆ ಇವ್ರು ನಿಮ್ಮನೆಯಿಂದ ಒಂದು ಗಡ್ಡೆ ತಂದಿದ್ರಲ್ಲ, ಅದು ಇದೇನಾ?”

ಗಂಗಾಧರನಿಗೆ ಆಗ ನೆನಪಾಯಿತು. ಮಳೆಗಾಲದಲ್ಲಿ ಬೂತಪ್ಪ ಅಂಗಳದ ಕೆಂಪು ಡೇರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲ್ಲಿಂದ ಬಂತು ಎಂದು ಕೇಳಿ, ಶೇಷಮ್ಮ ಕೊಟ್ಟರು ಎಂದಾಗ ‘ಹಂಗಾ’ ಎಂದು ಬುಡದ ಮಣ್ಣನ್ನು ಬೆರಳಲ್ಲಿ ಕೆದಕುತ್ತ ಕೂತದ್ದು. ಗಿಡ ಒಣಗಿದ ಮೇಲೆ ಬಂದು ಒಂದು ಗಡ್ಡೆ ಅಗೆದುಕೊಂಡದ್ದು. ಎಂತಕ್ಕೆ ಎಂದರೆ, “ಒಂದು ಕಡೆ ಹಾಕೋದಿದೆ, ಮಳೆ ಹಿಡೀಲಿ,” ಎಂದದ್ದು. ಯಾವ ಕಡೆ ಎಂದು ಗಂಗಾಧರ ಕೇಳಿರಲಿಲ್ಲ. ಆವತ್ತು ಅವನಿಗೆ ಅಧ್ಯಾಯ ಮುಗಿಸುವ ಆತುರವಿತ್ತು.

“ಗಡ್ಡೆ ಇಡೋ ಬೂದಿ ಡಬ್ಬೀಲಿ ಇದೆ ಅಣ್ಣ,” ಎಂದಳು ಭಾಗ್ಯ. “ಕುತ್ತಿಗೆಗೆ ಬಿಳಿ ಟೇಪು ಸುತ್ತಿದಾರೆ. ಈ ವರ್ಷ ನಾನು ಒಂದನ್ನೂ ನೆಡ್ಲಿಲ್ಲ. ಡಬ್ಬಿ ಮುಚ್ಚಳ ತೆಗೆಯಕ್ಕೇ ಮನಸ್ಸು ಬರ್ಲಿಲ್ಲ.” ಬಸ್ಸು ತಿರುವಿನಲ್ಲಿ ಕಂಡಿತು. ಅವಳು ಎದ್ದು ಸೀರೆ ಕೊಡವಿದಳು. “ಇಷ್ಟು ಪುಸ್ತಕ ಓದ್ತೀರಿ. ಎದುರಿಗಿರೋ ಮನುಷ್ಯ ಎಂತ ಹೇಳ್ತಿದಾನೆ ಅಂತ ಒಂದಿನ ಓದ್ಲಿಲ್ವಲ್ಲ ನೀವು.” ಅದರಲ್ಲಿ ಸಿಟ್ಟಿತ್ತು, ಮನೆಯವರ ಮೇಲೆ ಮಾಡುವಂಥ ಸಿಟ್ಟು. ಗಂಗಾಧರನಿಗೆ ಅದು ಬೇಕಾಗಿತ್ತು.

ಭಾನುವಾರ ಇಬ್ಬರೂ ಮತ್ತೆ ಕಮ್ಮರಡಿಗೆ ಹೋದರು. ಧರ್ಮೇಶ್ ಬೆಂಡು ಕೂರಿಸಿ, ಜೇಡಿಮಣ್ಣು ಮೆತ್ತಿ, ಮೇಲಿನ ಒಂದು ಗೇಣು ಮಾತ್ರ ಮುಚ್ಚದೆ ಬಿಟ್ಟಿದ್ದ. ಕಂಬ ಅಂಗಳದ ಆಚೆ ತುದಿಗೆ ಹೋಗಿತ್ತು. ಭಾಗ್ಯ ಡಬ್ಬಿಯ ಮುಚ್ಚಳ ತೆಗೆದಳು. ಬೂದಿಯೊಳಗೆ ಗಡ್ಡೆ ತಾನಾಗಿ ಮೊಳೆತಿತ್ತು. ಕತ್ತಲಲ್ಲಿ ಬೆಳಕು ಹುಡುಕಿ ಗೇಣುದ್ದ ಬೆಳೆದ ಬಿಳಿಚಿದ ಚಿಗುರು, ಬುಡದಲ್ಲಿ ಬಿಳಿ ಟೇಪು.

“ಈಗ ನೆಟ್ರೆ ಬದುಕ್ತದಾ?” ಎಂದ ಗಂಗಾಧರ.

“ಡೇರೆ ಅದು. ಬದುಕ್ತದೆ,” ಎಂದು ಶೇಷಮ್ಮ ಜಗಲಿಯಿಂದ ಕೂಗಿ ಹೇಳಿದರು. “ದೇವ್ರಿಗೆ ಬೇಡ, ಅಲ್ಲೇ ಇರ್ಲಿ ಬಿಡು. ಯಾರೂ ಮುಟ್ಟಲ್ಲ.”

ಭಾಗ್ಯ ಮಣ್ಣಿಗೆ ಕೂತಳು. ಟೇಪನ್ನು ಬಿಚ್ಚಲೋ ಬೇಡವೋ ಎಂದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಬಿಚ್ಚದೆ ಹಾಗೇ ಇಳಿಸಿದಳು. ಗಂಗಾಧರ ಏನು ಮಾಡಬೇಕೆಂದು ತಿಳಿಯದೆ ಸುತ್ತ ನೋಡಿದ. ಬಾವಿಕಟ್ಟೆಯ ಹತ್ತಿರ ಒಂದು ಖಾಲಿ ಬಕೆಟ್ ಇತ್ತು. ಅದನ್ನು ಬೋರಲು ಹಾಕಿ ಕೂತ. ಕೈ ತಾನಾಗಿ ಚೀಲಕ್ಕೆ ಹೋಯಿತು. ಹೋದದ್ದು ತಿಳಿದು ನಿಂತಿತು.

“ತೆಗೀರಿ,” ಎಂದಳು ಭಾಗ್ಯ, ತಲೆ ಎತ್ತದೆ. “ದಿನಾ ರಾತ್ರಿ ಊಟಕ್ಕೆ ಕೂತಾಗ ನಂಗೆ ಹೇಳ್ತಿದ್ರು. ಇವತ್ತು ಇಷ್ಟಾಯ್ತು, ಗಂಗಣ್ಣ ಇಲ್ಲಿಗೆ ನಿಲ್ಸಿದಾರೆ ಅಂತ. ಆ ಹೆಣ್ಣುಮಗಳು ತೌರಿಗೆ ಹೊರಟು ಹೊಳೆ ದಂಡೆಗೆ ಬಂದು ನಿಂತಿದಾಳೆ, ದೋಣಿ ಇಲ್ಲ. ಅಲ್ಲಿಗೆ ನಿಂತಿದೆ. ಐದು ತಿಂಗಳಾಯ್ತು ಅವಳು ಅಲ್ಲೇ ನಿಂತು.”

ಗಂಗಾಧರ ಪುಸ್ತಕ ತೆಗೆದ. ಬಿಳಿ ಟೇಪು ಇದ್ದಲ್ಲಿಗೆ ತಾನಾಗಿ ತೆರೆದುಕೊಂಡಿತು. ಮೊದಲ ಸಾಲನ್ನು ಅವನು ಮೆಲ್ಲಗೆ ಓದಿದ. ಎರಡನೆಯ ಸಾಲಿಗೆ ಅಭ್ಯಾಸದಿಂದ ದನಿ ಏರಿತು, ನೆಲದ ಒಳಗೆ ಇರುವವನಿಗೆ ಕೇಳಲಿ ಎಂಬಷ್ಟು. ಪುಟದ ಕೊನೆಗೆ ಬಂದಾಗ ಅಕ್ಷರ ಕಾಣದೆ ನಿಲ್ಲಿಸಿದ.

ಭಾಗ್ಯ ಎರಡೂ ಅಂಗೈಯಿಂದ ಮಣ್ಣು ಒತ್ತುತ್ತಿದ್ದಳು.

“ಮುಂದೆ?” ಎಂದಳು.